ಜಠರ ಕಿರಿದಾಯಿತು, ಸಿಹಿಯ ರೂಢಿ ಉಳಿಯಿತು

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ಕತ್ತರಿ, ಹೊಲಿಗೆಗಳ ಚರಿತ್ರೆಯಾಗಿ ಹೇಳುವುದೇ ವಾಡಿಕೆ. ಸಿಹಿತಿನಿಸಿನ ಕಡೆಯಿಂದ ನೋಡಿದರೆ, ಚಾಕು ಎಂದೂ ಒಂಟಿಯಾಗಿ ಗೆದ್ದಿಲ್ಲ ಎಂಬುದು ಕಾಣುತ್ತದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ 1966ರಲ್ಲಿ, ಆಹಾರವನ್ನು ಜಠರದ ಬಹುಭಾಗ ತಪ್ಪಿಸಿ ನೇರ ಸಣ್ಣ ಕರುಳಿಗೆ ಸಾಗಿಸುವ ಗ್ಯಾಸ್ಟ್ರಿಕ್ ಬೈಪಾಸ್ ಆರಂಭಿಸಿದರು. 1980ರಲ್ಲಿ ಅವರೇ ಇನ್ನೂ ಸರಳವಾದ ವಿಧಾನವೊಂದನ್ನು ರೂಪಿಸಿದರು: ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲ, ಅದರ ಕೆಳಬಾಯಿಗೊಂದು ಬಿಗಿ ಪಟ್ಟಿ. ಬ್ರೆಡ್ಡು, ಮಾಂಸ ಅಲ್ಲಿ ತಡೆದು ನಿಲ್ಲುತ್ತಿದ್ದವು. ಐಸ್‌ಕ್ರೀಮು, ಮಿಲ್ಕ್‌ಶೇಕು ಸಲೀಸಾಗಿ ಇಳಿದುಹೋಗುತ್ತಿದ್ದವು. ವರ್ಜೀನಿಯಾದ ಹಾರ್ವಿ ಶುಗರ್‌ಮನ್ ತಂಡ 1987ರಲ್ಲಿ ಎರಡೂ ವಿಧಾನಗಳನ್ನು ಹೋಲಿಸಿದಾಗ, ಸಿಹಿ ಹೆಚ್ಚು ತಿನ್ನುವವರಿಗೆ ಪಟ್ಟಿಗಿಂತ ಬೈಪಾಸೇ ಮೇಲೆಂದು ಕಂಡಿತು.

ಹಾಗಾದರೆ ಬೈಪಾಸ್ ನಾಲಿಗೆಗೆ ಬುದ್ಧಿ ಕಲಿಸಿತಲ್ಲವೇ ಎಂದು ಕೇಳಬಹುದು. ಸಕ್ಕರೆ ಸಣ್ಣ ಕರುಳಿಗೆ ಒಮ್ಮೆಲೇ ನುಗ್ಗಿದರೆ ನೀರನ್ನು ಎಳೆದುಕೊಳ್ಳುತ್ತದೆ. ಎದೆ ಡವಗುಟ್ಟಿ, ಮೈ ಬೆವರಿ, ಹೊಟ್ಟೆ ನುಲಿಯುತ್ತದೆ. ವೈದ್ಯರ ಮಾತಿನಲ್ಲಿ ಇದು ಡಂಪಿಂಗ್. ಆದರೆ ಅದು ಎಲ್ಲರಿಗೂ ಆಗುವುದಿಲ್ಲ, ಹಲವರಲ್ಲಿ ಕಾಲಕ್ರಮೇಣ ತಗ್ಗುತ್ತದೆ. ಹಸಿವಿನ ಹಾರ್ಮೋನುಗಳೂ ಬದಲಾಗುತ್ತವೆ ನಿಜ, ಅದು ದೊಡ್ಡ ನೆರವೇ. ಆದರೆ ಜನ ಸಿಹಿ ತಿನ್ನುವುದು ಹಸಿವಿಗಷ್ಟೇ ಅಲ್ಲವಲ್ಲ! ಪ್ರೊಟೀನು ಮೊದಲು, ಸಣ್ಣ ತುತ್ತು, ನಿಧಾನವಾಗಿ ಅಗಿಯುವುದು, ಊಟದ ಜೊತೆ ನೀರು ಬೇಡ ಎಂಬ ರೂಢಿಗಳನ್ನು ಆಪರೇಷನ್ನಿನ ನಂತರ ಕಲಿಸಬೇಕಾಗಿರುವುದೇ ಇದಕ್ಕಾಗಿ. ಮತ್ತೆ ಸಿಹಿಗೆ ಕೈಹಾಕಿದವರನ್ನು ಮನೋಬಲವಿಲ್ಲದವರೆಂದು ಜರೆಯುವುದು ಅನ್ಯಾಯ. ಆಸ್ಪತ್ರೆಗಳು ಆಹಾರತಜ್ಞರ ಆಸರೆಯನ್ನು ವರ್ಷಗಟ್ಟಲೆ ಮುಂದುವರಿಸಲಿ.