ಗೋಡೆಯಿಂದ ಬಾಗಿಲಿಗೆ: ಬೆಂಗಳೂರಿನಲ್ಲಿ ಮನೋರೋಗ ಚಿಕಿತ್ಸೆಯ ಕಥೆ



ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಚಾಮರಾಜಪೇಟೆಯಲ್ಲೋ ಓದುವ ನಿಮಗೆ ಈ ತಮಾಷೆ ಹೊಸದಲ್ಲ. ಗೆಳೆಯನೊಬ್ಬ ಏನಾದರೂ ಅಸಂಬದ್ಧ ಆಡಿದರೆ, ‘ಇವನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು ಕಣೋ’ ಎಂದು ಮತ್ತೊಬ್ಬ ಹೇಳುತ್ತಾನೆ. ಎಲ್ಲರೂ ನಗುತ್ತಾರೆ. ಆ ಗುಂಪಿನಲ್ಲಿ ಒಬ್ಬನ ಅಣ್ಣನಿಗೋ ತಾಯಿಗೋ ಅದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದ್ದರೆ? ಅವನೂ ನಗುತ್ತಾನೆ. ನಗದಿದ್ದರೆ ಮನೆಯ ಗುಟ್ಟು ಬಯಲಾದೀತೆಂಬ ಅಂಜಿಕೆ. ಈ ಅಂಜಿಕೆ ಎಲ್ಲಿಂದ ಬಂತು, ಅದನ್ನು ಕಳೆಯಲು ನಮ್ಮ ಊರಿನಲ್ಲಿ ಏನೇನು ನಡೆಯಿತು ಎಂಬುದನ್ನು ಇಂದು ನೋಡೋಣ.

ಮೊದಲು ನೀವು ವಾಸಿಸುವ ಬಡಾವಣೆಗಳನ್ನೇ ನೆನೆಯಿರಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಪೇಟೆಯಿಂದ ಜನ ಹೊರಗೆ ಬರಬೇಕಾಯಿತು. ಗಾಳಿ ಬೆಳಕುಗಳಿರುವ ಅಗಲವಾದ ರಸ್ತೆಗಳ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಸಂಕಟದ ದಿನಗಳ ನಂತರ. ಆಗ ದೇಶದ ಹಲವೆಡೆ ಪ್ಲೇಗು ತಗುಲಿದವರನ್ನು ಮನೆಯವರು ಮುಚ್ಚಿಡುತ್ತಿದ್ದರು. ಇಂದು ಯಾರೂ ಹಾಗೆ ಮಾಡುವುದಿಲ್ಲ. ಮೈಯ ಕಾಯಿಲೆಯ ವಿಷಯದಲ್ಲಿ ನಮ್ಮ ಜನ ಬಹಳ ದೂರ ಬಂದಿದ್ದಾರೆ. ಮನಸ್ಸಿನ ಕಾಯಿಲೆಯ ವಿಷಯದಲ್ಲಿ ಈ ಪ್ರಯಾಣ ಪ್ಲೇಗಿಗಿಂತ ಅರ್ಧ ಶತಮಾನ ಮೊದಲೇ ಆರಂಭವಾಗಿತ್ತು, ಆದರೆ ಇನ್ನೂ ಮುಗಿದಿಲ್ಲ.

ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರಾಗಿದ್ದ ಕಾಲದಲ್ಲಿ, 1847ರಲ್ಲಿ, ವೈದ್ಯ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಅವರ ನೇತೃತ್ವದಲ್ಲಿ ‘ಬೆಂಗಳೂರು ಲ್ಯುನಾಟಿಕ್ ಅಸೈಲಂ’ ಸ್ಥಾಪನೆಯಾಯಿತು. ಜನರ ಬಾಯಲ್ಲಿ ಇಂಥ ಸಂಸ್ಥೆಗೆ ಒಂದೇ ಹೆಸರು, ‘ಹುಚ್ಚಾಸ್ಪತ್ರೆ’. ಪ್ರಪಂಚದಲ್ಲೆಲ್ಲೂ ಆಗ ಮನೋರೋಗಕ್ಕೆ ನೆಚ್ಚಿಕೊಳ್ಳಬಹುದಾದ ಔಷಧಿಯಿರಲಿಲ್ಲ. ಆದ್ದರಿಂದ ಅಸೈಲಂಗಳ ಮುಖ್ಯ ಕೆಲಸ ಕಾವಲು. ಎತ್ತರದ ಗೋಡೆ, ಬೀಗ, ಊಟ, ಆರೈಕೆ, ಇಷ್ಟೇ. ಒಳಗೆ ಹೋದವರಲ್ಲಿ ಅನೇಕರು ಹೊರಗೆ ಬರುತ್ತಿರಲಿಲ್ಲ. ನಮ್ಮ ಅಂಜಿಕೆಯ ಬೇರು ಇಲ್ಲಿದೆ.

1925ರಲ್ಲಿ ಮೈಸೂರು ಸರ್ಕಾರ ಅಸೈಲಂ ಎಂಬ ಹೆಸರನ್ನು ತೆಗೆದು ‘ಮೆಂಟಲ್ ಹಾಸ್ಪಿಟಲ್’ ಎಂದು ಕರೆಯಿತು. ಇದನ್ನು ಬರಿಯ ನಾಮಕರಣವೆಂದು ತಿಳಿಯಬೇಡಿ. ಅಸೈಲಂನಲ್ಲಿ ಜನರನ್ನು ಇಡುತ್ತಾರೆ; ಆಸ್ಪತ್ರೆಯಿಂದ ಗುಣಪಡಿಸಿ ಮನೆಗೆ ಕಳುಹಿಸುತ್ತಾರೆ. ಡಾ. ಫ್ರಾಂಕ್ ನರೋನ್ಹಾ ಅವರು ಸೂಪರಿಂಟೆಂಡೆಂಟರಾಗಿದ್ದಾಗ, ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯಲ್ಲಿ, 1930ರ ದಶಕದ ಕೊನೆಯ ವರ್ಷಗಳಲ್ಲಿ ಈ ಆಸ್ಪತ್ರೆ ಲಾಲ್‌ಬಾಗಿನಿಂದಾಚೆ, ಲಕ್ಕಸಂದ್ರದ ವಿಶಾಲವಾದ ಜಾಗಕ್ಕೆ ಬಂದಿತು. ಅನಂತರ ಹೊಣೆ ಹೊತ್ತ ಡಾ. ಎಂ.ವಿ. ಗೋವಿಂದಸ್ವಾಮಿ ಅವರು, 1954ರಲ್ಲಿ ಭಾರತ ಸರ್ಕಾರ ಇಲ್ಲಿ ಸ್ಥಾಪಿಸಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರಾದರು. ಆಸ್ಪತ್ರೆಯೂ ಸಂಸ್ಥೆಯೂ ಒಂದುಗೂಡಿ 1974ರ ಡಿಸೆಂಬರ್ 27ರಂದು ನಿಮ್ಹಾನ್ಸ್ ಆಯಿತು.

ಇದೇ ಕಾಲದಲ್ಲಿ ಹೊರಜಗತ್ತಿನಲ್ಲಿ ದೊಡ್ಡ ಬದಲಾವಣೆಯೊಂದು ನಡೆಯಿತು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್, ಲಿಥಿಯಂ ಲವಣ ಅತಿಯಾದ ಉದ್ರೇಕವನ್ನು ಶಮನಗೊಳಿಸುವುದನ್ನು ತೋರಿಸಿದರು. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಔಷಧಿಯಿಂದ ತೀವ್ರ ಮನೋರೋಗಿಗಳು ಶಾಂತರಾಗುವುದನ್ನು ಕಂಡರು. ಇದರಲ್ಲಿ ನಮ್ಮ ನೆಲದ ಪಾಲೂ ಇದೆ. ನಮ್ಮ ಕಾಡುಗಳಲ್ಲಿ ಬೆಳೆಯುವ ಸರ್ಪಗಂಧದ ಬೇರನ್ನು ನಾಟಿ ವೈದ್ಯರು ಉನ್ಮಾದಕ್ಕೆ ಹಿಂದಿನಿಂದಲೂ ಕೊಡುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದರ ಗುಣವನ್ನು ವೈದ್ಯಪತ್ರಿಕೆಯಲ್ಲಿ ವರದಿ ಮಾಡಿದರು. 1952ರಲ್ಲಿ ಆ ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಲಾಯಿತು. ಕೆಲವು ವರ್ಷ ಅದು ದೇಶವಿದೇಶಗಳ ಆಸ್ಪತ್ರೆಗಳಲ್ಲಿ ಬಳಕೆಯಾಯಿತು. ಹೆಚ್ಚು ಉತ್ತಮವಾದ ಔಷಧಿಗಳು ಬಂದಾಗ ಹಿಂದೆ ಸರಿಯಿತು. ಪರೀಕ್ಷಿಸು, ಬಳಸು, ಉತ್ತಮವಾದುದು ದೊರೆತಾಗ ಹಳೆಯದನ್ನು ಬಿಡು, ಇದು ವಿಜ್ಞಾನದ ದಾರಿ.

ಹಾಗಾದರೆ ಮಾತ್ರೆ ಬಂದೊಡನೆ ಗೋಡೆ ಉರುಳಿತೇ? ಇಲ್ಲ. ಮಾತ್ರೆಯಿಂದ ಚೇತರಿಸಿಕೊಂಡವನು ಮನೆಗೆ ಹೋಗಬೇಕು. ಮನೆಯ ಬಾಗಿಲು ತೆರೆದಿರಬೇಕಲ್ಲ! 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಕಾಯಿಲೆ ಏನೆಂದು ಅರಿತ ಮನೆಯವರು ರೋಗಿಯನ್ನು ಕರೆದುಕೊಂಡು ಹೋದರು. ನಮ್ಮ ನಿಮ್ಹಾನ್ಸ್ 1970ರ ದಶಕದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ರೋಗಿ ಬರಲೆಂದು ಕಾಯದೆ ಬೆಂಗಳೂರಿನ ಹೊರವಲಯದ ಸಕಲವಾರ ಗ್ರಾಮದಲ್ಲಿ ಕೇಂದ್ರ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ಕೆಲವೇ ಔಷಧಿಗಳಿಂದ ಮನೋರೋಗಿಗಳನ್ನು ಅವರ ಹಳ್ಳಿಯಲ್ಲೇ ನೋಡಿಕೊಳ್ಳಬಹುದೇ ಎಂಬುದು ಅಲ್ಲಿಯ ಪ್ರಶ್ನೆ. ಆಗುತ್ತದೆಂದು ಕಂಡುಬಂದಿತು. 1980ರ ದಶಕದಲ್ಲಿ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನು ಪ್ರಯೋಗಿಸಲಾಯಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ತಿಳಿವಳಿಕೆ ಹಂಚಲು ಕನ್ನಡದ ಲೇಖಕರೂ ದುಡಿದರು. ‘ಕೊರವಂಜಿ’ ಪತ್ರಿಕೆಯಿಂದ ನಾಡನ್ನೆಲ್ಲ ನಗಿಸಿದ ‘ರಾಶಿ’, ಅಂದರೆ ಡಾ. ಎಂ. ಶಿವರಾಂ, ಬೆಂಗಳೂರಿನ ವೈದ್ಯರು. 1976ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಹಾಸ್ಯಕ್ಕಲ್ಲ, ಮನಸ್ಸಿನ ಕಾಯಿಲೆಗಳನ್ನು ಕುರಿತ ‘ಮನಮಂಥನ’ಕ್ಕೆ. ಮುಂದೆ ಡಾ. ಸಿ.ಆರ್. ಚಂದ್ರಶೇಖರ್ ಇದೇ ವಿಷಯವನ್ನು ಸರಳ ಕನ್ನಡದಲ್ಲಿ ಮನೆಮನೆಗೆ ತಲುಪಿಸಿದರು.

ಆದರೂ ಹಳೆಯ ನಂಬಿಕೆಗಳು ಬೇಗ ಹೋಗುವುದಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆ ನೀವು ಕೇಳಿರಬಹುದು. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿ, ಇಬ್ಬರ ಬಾಳೂ ಕಷ್ಟಕ್ಕೆ ಸಿಕ್ಕ ಮನೆಗಳಿವೆ. ಮಾತ್ರೆಗಳನ್ನು ನೆಂಟರ ಕಣ್ಣಿಗೆ ಬೀಳದಂತೆ ಬಚ್ಚಿಡುವವರಿದ್ದಾರೆ. ತುಸು ಗುಣವಾದೊಡನೆ ವೈದ್ಯರನ್ನು ಕೇಳದೆ ನಿಲ್ಲಿಸಿ ಮತ್ತೆ ಹಾಸಿಗೆ ಹಿಡಿಯುವವರೂ ಇದ್ದಾರೆ. ಖಿನ್ನತೆಯ ಔಷಧಿ ಕೆಲಸ ಮಾಡಲು ಕೆಲವು ವಾರಗಳೇ ಬೇಕು. ಅದು ಚಟ ಹಿಡಿಸುವುದಿಲ್ಲ, ಆದರೆ ಥಟ್ಟನೆ ನಿಲ್ಲಿಸಬಾರದು. ಕೆಲವು ಬಗೆಯ ನಿದ್ರೆಮಾತ್ರೆಗಳು ಮಾತ್ರ ರೂಢಿಯಾಗಿಬಿಡಬಲ್ಲವು. ಅವನ್ನು ವೈದ್ಯರು ಹೇಳಿದಷ್ಟೇ ದಿನ, ಹೇಳಿದಷ್ಟೇ ತೆಗೆದುಕೊಳ್ಳಬೇಕು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಊಟದ ಮೇಜಿನ ಮೇಲೆಯೇ ಇಡುತ್ತೇವೆ. ಮನಸ್ಸಿನ ಮಾತ್ರೆಗೂ ಆ ಸ್ಥಾನ ದೊರೆಯಬೇಡವೇ?

ಕಾನೂನೂ ಈಗ ರೋಗಿಯ ಪರವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದು ಹೇಳುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ದೂರವಾಣಿ ಸೇವೆಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು. ಪರೀಕ್ಷೆಯ ಭಯವಿರಲಿ, ನಿದ್ರೆ ಬಾರದಿರಲಿ, ಬದುಕೇ ಬೇಡವೆನಿಸಲಿ, ಒಬ್ಬರೇ ಹೊರುವ ಅಗತ್ಯವಿಲ್ಲ. ಮನೆಯ ಹಿರಿಯರಿಗೋ ಅಧ್ಯಾಪಕರಿಗೋ ಹೇಳಿ. ಕೇಳಿಸಿಕೊಳ್ಳದಿದ್ದರೆ ಮತ್ತೊಬ್ಬರಿಗೆ ಹೇಳಿ.

1847ರ ಕಲ್ಲುಗೋಡೆಯನ್ನು ವೈದ್ಯರು, ಔಷಧಿಗಳು, ಕಾನೂನು ಸೇರಿ ಬಹುಮಟ್ಟಿಗೆ ಕೆಡವಿದ್ದಾರೆ. ಉಳಿದಿರುವುದು ನಮ್ಮ ಮಾತಿನಲ್ಲಿರುವ ಗೋಡೆ. ನಾಳೆ ಕಾಲೇಜಿನಲ್ಲಿ ಯಾರಾದರೂ ಆ ಹಳೆಯ ತಮಾಷೆ ಮಾಡಿದರೆ ನೀವು ನಗದೆ ಸುಮ್ಮನಿದ್ದು ನೋಡಿ. ಪಕ್ಕದಲ್ಲಿ ಕುಳಿತವನೊಬ್ಬ ಅದನ್ನು ಗಮನಿಸಬಹುದು. ಒಂದು ದಿನ ನಿಮ್ಮೊಡನೆ ಮನಸ್ಸು ಬಿಚ್ಚಿ ಮಾತನಾಡಬಹುದು.