ವಚನ ತರುವ ಯಂತ್ರಕ್ಕೊಂದು ಕೈಪಿಡಿ

ಖಾನಾಪುರ ತಾಲೂಕಿನ ಪಾರಿಶ್ವಾಡದ ವಿದ್ಯಾರ್ಥಿಯೊಬ್ಬ ತನ್ನ ಮೊಬೈಲಿನಲ್ಲಿರುವ ಕೃತಕ ಬುದ್ಧಿಮತ್ತೆಯನ್ನು ‘ಡೋಹರ ಕಕ್ಕಯ್ಯನ ವಚನವೊಂದನ್ನು ಹೇಳು’ ಎಂದು ಕೇಳಿದನೆನ್ನಿ. ಕ್ಷಣಾರ್ಧದಲ್ಲಿ ನಾಲ್ಕಾರು ಸಾಲುಗಳು ಮೂಡುತ್ತವೆ. ಕೊನೆಯಲ್ಲಿ ಅಂಕಿತವೂ ಇರುತ್ತದೆ. ಆದರೆ ಅದು ಕಕ್ಕಯ್ಯ ನುಡಿದದ್ದೋ, ಯಂತ್ರವೇ ಹೊಸೆದದ್ದೋ?

ಈ ಸೀಮೆಗೆ ಇದು ಸಣ್ಣ ಪ್ರಶ್ನೆಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯ ನಂತರ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದದ್ದು ಇದೇ ಹಾದಿಯಲ್ಲಿ ಎಂಬುದು ಇಲ್ಲಿಯ ಐತಿಹ್ಯ. ಆ ಕಟ್ಟುಗಳನ್ನು ಕಾಯುತ್ತ ಹೋರಾಡಿದ ಕಕ್ಕಯ್ಯ ಐಕ್ಯನಾದದ್ದು ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಎಂದು ಜನ ನಂಬುತ್ತಾರೆ. ‘ಅಭಿನವ ಮಲ್ಲಿಕಾರ್ಜುನ’ ಎಂಬ ಅಂಕಿತದ ಆತನ ವಚನಗಳಲ್ಲಿ ಇಂದು ಉಳಿದಿರುವುದು ಬೆರಳೆಣಿಕೆಯಷ್ಟು. ಅವುಗಳ ನಡುವೆ ಒಂದೇ ಒಂದು ಸುಳ್ಳು ವಚನ ಸೇರಿದರೂ ಕಕ್ಕಯ್ಯನ ಚಿತ್ರವೇ ಬದಲಾದೀತು.

ಯಂತ್ರ ಉತ್ತರ ಕೊಡುವ ಬಗೆ ಎರಡು. ಮೊದಲನೆಯದು, ಹಿಂದೆ ಓದಿಸಿದ ಅಪಾರ ಬರಹದಿಂದ ಕಲಿತ ಜಾಡಿನಲ್ಲಿ ಪದದ ಮುಂದೆ ಪದ ಜೋಡಿಸುತ್ತ ಹೋಗುವುದು. ಇಲ್ಲಿ ವಚನದ ಧಾಟಿ ಸಿಗುತ್ತದೆ, ವಚನ ಸಿಗುತ್ತದೆಂಬ ಖಾತ್ರಿ ಇಲ್ಲ. ಎರಡನೆಯದು, ಬರಹಗಳ ಭಂಡಾರದಲ್ಲಿ ಹುಡುಕಿ, ಸಿಕ್ಕ ಪಠ್ಯವನ್ನು ಮುಂದಿಟ್ಟುಕೊಂಡು ಉತ್ತರಿಸುವುದು. ಈ ಹುಡುಕಾಟಕ್ಕೆ ಯಂತ್ರದ ಕೈಗೆ ಕೊಡುವ ಸಾಧನವನ್ನು ತಂತ್ರಜ್ಞರು ‘ಟೂಲ್’ ಎನ್ನುತ್ತಾರೆ. ಇಂಥ ಸಾಧನಗಳನ್ನು ಯಂತ್ರಗಳಿಗೆ ಜೋಡಿಸಲು ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ ಎಂಬ ನಿಯಮಾವಳಿಯನ್ನು ಅಮೆರಿಕದ ಆಂಥ್ರೋಪಿಕ್ ಸಂಸ್ಥೆ 2024ರ ನವೆಂಬರಿನಲ್ಲಿ ಪ್ರಕಟಿಸಿತು.

ಹುಡುಕುವ ಸಾಧನ ಹೊಸದಿರಬಹುದು, ಹುಡುಕುವ ವಿದ್ಯೆ ಹೊಸದಲ್ಲ. ವಚನಕ್ಕೆ ಅಂಕಿತವೇ ವಿಳಾಸ. ‘ಕೂಡಲಸಂಗಮದೇವ’ ಎಂದರೆ ಬಸವಣ್ಣ, ‘ಗುಹೇಶ್ವರ’ ಎಂದರೆ ಅಲ್ಲಮಪ್ರಭು. ಮುಂದೆ ವಚನಗಳನ್ನು ಷಟ್‌ಸ್ಥಲಗಳ ಕ್ರಮದಲ್ಲಿ ‘ಸ್ಥಲಕಟ್ಟು’ಗಳಾಗಿ ಜೋಡಿಸುವ ಪದ್ಧತಿ ಬಂತು. ಹದಿನೈದನೆಯ ಶತಮಾನದ ‘ಶೂನ್ಯಸಂಪಾದನೆ’ ಅವನ್ನು ಸಂವಾದದ ಎಳೆಯಲ್ಲಿ ಪೋಣಿಸಿತು. ಬೇಕಾದ ವಚನ ಬೇಕಾದಾಗ ಸಿಗಲು ಇವೂ ದಾರಿಗಳೇ.

ಮುದ್ರಣದ ಯುಗದಲ್ಲಿ ಈ ಕೆಲಸಕ್ಕೆ ನಿಂತವರು ಫ.ಗು. ಹಳಕಟ್ಟಿ (1880-1964). ಧಾರವಾಡದಲ್ಲಿ ಹುಟ್ಟಿ, ವಿಜಾಪುರದಲ್ಲಿ ವಕೀಲಿ ನಡೆಸಿದ ಅವರು ಮಠಗಳಿಗೆ, ಮನೆಗಳಿಗೆ ಅಲೆದು ತಾಳೆಗರಿಗಳನ್ನು ಕಲೆಹಾಕಿದರು. ‘ವಚನಶಾಸ್ತ್ರಸಾರ’ದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ ಹಿಂತಿರುಗಿಸಿತೆಂಬುದು ಪ್ರಸಿದ್ಧ ಕಥೆ. ಕೊನೆಗೆ ಅದರ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ. ವಚನಗಳನ್ನು ವಿಷಯಾನುಸಾರ ವಿಂಗಡಿಸಿದ ಗ್ರಂಥವದು. 1925ರಲ್ಲಿ ಹಳಕಟ್ಟಿಯವರು ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನೇ ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಟಿತು.

ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ 1993ರಲ್ಲಿ ಹೊರತಂದ ‘ಸಮಗ್ರ ವಚನ ಸಂಪುಟ’ಗಳು ಹದಿನೈದು. ಅಲ್ಲಿ ಪ್ರತಿ ವಚನಕ್ಕೂ ಸಂಖ್ಯೆ ಬಂತು. ಈ ಭಂಡಾರದ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕಬಲ್ಲ ‘ವಚನ ಸಂಚಯ’ವನ್ನು ಓಂಶಿವಪ್ರಕಾಶ್, ವಸುಧೇಂದ್ರ ಮತ್ತು ಗೆಳೆಯರು 2013ರ ಸುಮಾರಿಗೆ ಯುನಿಕೋಡ್ ಲಿಪಿಯಲ್ಲಿ ರೂಪಿಸಿದರು.

ವಿಳಾಸ ಬದಲಾದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯುಂಟು. ‘ಬಸವ ವಚನ ದೀಪ್ತಿ’ಯಲ್ಲಿ ಮಾತೆ ಮಹಾದೇವಿಯವರು ‘ಕೂಡಲಸಂಗಮದೇವ’ದ ಬದಲು ‘ಲಿಂಗದೇವ’ ಎಂಬ ಅಂಕಿತ ಬಳಸಿದಾಗ ನಾಡಿನಲ್ಲಿ ದೊಡ್ಡ ವಿವಾದವೆದ್ದಿತು. 1998ರಲ್ಲಿ ರಾಜ್ಯ ಸರ್ಕಾರ ಗ್ರಂಥವನ್ನು ನಿಷೇಧಿಸಿತು. 2017ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧವನ್ನು ಎತ್ತಿಹಿಡಿಯಿತು. ಒಂದು ಪದದ ಬದಲಾವಣೆ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಯಿತು. ಯಂತ್ರವೋ ಕೇಳುವವರಿಲ್ಲದೆ ಪದಗಳನ್ನು ಬದಲಿಸಬಲ್ಲದು.

ಆದ್ದರಿಂದಲೇ ಹುಡುಕುವ ಸಾಧನಕ್ಕೊಂದು ಕೈಪಿಡಿ ಬೇಕು. ವಿಚಿತ್ರವೆಂದರೆ, ಈ ಕೈಪಿಡಿಯ ಮೊದಲ ಓದುಗ ಮನುಷ್ಯನಲ್ಲ, ಯಂತ್ರವೇ. ಅದನ್ನು ಓದಿಯೇ ಸಾಧನವನ್ನು ಯಾವಾಗ, ಹೇಗೆ ಬಳಸಬೇಕೆಂದು ಯಂತ್ರ ತೀರ್ಮಾನಿಸುತ್ತದೆ. ಭಂಡಾರದಲ್ಲಿ ಏನಿದೆ, ಏನಿಲ್ಲ? ಯಾವ ಪ್ರತಿಯ ಪಾಠ? ಹುಡುಕಬೇಕಾದದ್ದು ಪದದಿಂದಲೋ, ಅಂಕಿತದಿಂದಲೋ? ಕನ್ನಡದಲ್ಲಿ ಇನ್ನೊಂದು ತೊಡಕುಂಟು. ‘ಮನೆ’ ಎಂಬ ಪದ ‘ಮನೆಯ’, ‘ಮನೆಯೊಳಗೆ’, ‘ಮನೆಯಲ್ಲಿ’ ಎಂದೆಲ್ಲ ರೂಪ ತಾಳುತ್ತದೆ. ‘ಕೂಡಲಸಂಗಮ’ವನ್ನು ಕೆಲವರು ಕೂಡಿಸಿ, ಕೆಲವರು ಬಿಡಿಸಿ ಬರೆಯುತ್ತಾರೆ. ಪದವನ್ನು ಇದ್ದಂತೆಯೇ ಹುಡುಕುವ ಸಾಧನಕ್ಕೆ ಇವೆಲ್ಲ ಬೇರೆ ಬೇರೆ. ಇದ್ದ ವಚನವೂ ‘ಇಲ್ಲ’ ಎಂದಾಗಿಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಏನೂ ಸಿಗದಿದ್ದಾಗ ಏನು ಮಾಡಬೇಕೆಂದು ಕೈಪಿಡಿ ಹೇಳಬೇಕು. ‘ಸಿಗಲಿಲ್ಲ’ ಎಂದು ತಿಳಿಸು, ಸಿಕ್ಕಿದ್ದರೆ ಸಂಪುಟ ಮತ್ತು ವಚನದ ಸಂಖ್ಯೆ ಕೊಡು ಎಂಬ ಎರಡು ಸಾಲು ಇಲ್ಲದಿದ್ದರೆ, ಖಾಲಿ ಜಾಗವನ್ನು ತನ್ನದೇ ಮಾತಿನಿಂದ ತುಂಬುವ ಚಪಲ ಯಂತ್ರಕ್ಕೆ ಬಂದೀತು. ಇವೆರಡನ್ನು ಬರೆದರೂ ಯಂತ್ರ ತಪ್ಪುವುದೇ ಇಲ್ಲವೆನ್ನಲಾಗದು. ಆದರೆ ಸಂಖ್ಯೆ ಕೈಯಲ್ಲಿದ್ದರೆ ಓದುಗ ಸಂಪುಟ ತೆರೆದು ತಾಳೆ ನೋಡಬಹುದು.

ಹಳಕಟ್ಟಿಯವರು ತಾಳೆಗರಿಯಿಂದ ತಾಳೆಗರಿಗೆ ಹೋಲಿಸಿ ನೋಡಿದ್ದೂ ಇದಕ್ಕಾಗಿಯೇ. ಕಕ್ಕಯ್ಯನ ಪಾಲಿಗೆ ಉಳಿದಿರುವುದು ಕೆಲವೇ ವಚನಗಳು. ಅಷ್ಟೇ ಇವೆ ಎಂದು ಯಂತ್ರ ಪ್ರಾಮಾಣಿಕವಾಗಿ ಹೇಳಿದರೆ ಸಾಕು, ಅದು ಶರಣರ ಕಟ್ಟಿಗೆ ಕಾವಲಾದಂತೆ.