ನೀರಿನಲ್ಲಿ ಬಲದ ಲೆಕ್ಕ



ಅಂಗವಿಕಲರ ಕ್ರೀಡೆಗಳನ್ನು ಕುರಿತ ನಮ್ಮ ಸಂವಾದ ಕಾರ್ಯಕ್ರಮ ಪ್ರಸಾರವಾದ ಮೇಲೆ ಬಂದ ಪತ್ರಗಳಲ್ಲಿ ಒಂದು ಇನ್ನೂ ನನ್ನ ಮೇಜಿನ ಮೇಲೇ ಇದೆ. ಬರೆದವರು ದಾವಣಗೆರೆ ಕಡೆಯ ಒಬ್ಬ ತಂದೆ. ಅವರ ಹನ್ನೊಂದು ವರ್ಷದ ಮಗಳಿಗೆ ಹುಟ್ಟಿನಿಂದಲೇ ಎಡಗೈ ಮೊಣಕೈಯಿಂದ ಕೆಳಗೆ ಇಲ್ಲ. ಹುಡುಗಿಗೆ ನೀರೆಂದರೆ ಪ್ರಾಣ. ಆದರೆ ಈಜಲು ಹೊರಟರೆ ನೇರವಾಗಿ ಹೋಗದೆ ಎಡಕ್ಕೆ ತಿರುಗಿಬಿಡುತ್ತಾಳಂತೆ. ಈಜು ಕಲಿಸುವವರು ‘ಇದು ಆಗುವ ಮಾತಲ್ಲ’ ಎಂದು ಸುಮ್ಮನಾಗಿದ್ದಾರೆ. ಪತ್ರದ ಕೊನೆಯಲ್ಲಿ ಎರಡು ಪ್ರಶ್ನೆಗಳಿವೆ: ‘ಒಂದು ಕೈಯಲ್ಲಿ ನೇರವಾಗಿ ಈಜುವುದು ಸಾಧ್ಯವೇ ಸಾರ್? ಮುಂದೆ ಸ್ಪರ್ಧೆಗೆ ಹೋದಳು ಎಂದೇ ಇಟ್ಟುಕೊಳ್ಳಿ. ಟಿ.ವಿ.ಯಲ್ಲಿ ಕಂಡಂತೆ ಕೈಯಿಲ್ಲದವರು, ಕಾಲಿಲ್ಲದವರು, ಕುಳ್ಳಗಿರುವವರು ಎಲ್ಲರನ್ನೂ ಒಟ್ಟಿಗೆ ಈಜಿಸಿದರೆ ಅದು ನ್ಯಾಯವೇ?’

ಎರಡೂ ಒಳ್ಳೆಯ ಪ್ರಶ್ನೆಗಳು. ಮೊದಲನೆಯದು ಭೌತವಿಜ್ಞಾನಕ್ಕೆ ಸೇರಿದ್ದು, ಎರಡನೆಯದು ಇತಿಹಾಸಕ್ಕೆ. ಕಾರ್ಯಕ್ರಮದ ಅವಧಿಯಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ನೀರಿನ ಸ್ವಭಾವ ನೋಡೋಣ. ಸೊಂಟದ ಮಟ್ಟದ ನೀರಿನಲ್ಲಿ ನೀವು ನಡೆದಿದ್ದರೆ, ಅವಸರ ಮಾಡಿದಷ್ಟೂ ನೀರು ಹೆಚ್ಚು ತಡೆಯುತ್ತದೆ ಎಂಬುದು ಅನುಭವಕ್ಕೆ ಬಂದಿರುತ್ತದೆ. ವೇಗ ಎರಡರಷ್ಟಾದರೆ ನೀರಿನ ಪ್ರತಿರೋಧ ಸುಮಾರು ನಾಲ್ಕರಷ್ಟಾಗುತ್ತದೆ. ಅದನ್ನು ಮೀರಲು ದೇಹ ಒದಗಿಸಬೇಕಾದ ಸಾಮರ್ಥ್ಯ ಎಂಟರಷ್ಟಾಗುತ್ತದೆ. ವೇಗವನ್ನು ಶೇಕಡಾ 10ರಷ್ಟು ಹೆಚ್ಚಿಸಿಕೊಳ್ಳಲು ಶೇಕಡಾ 33ರಷ್ಟು ಹೆಚ್ಚು ಸಾಮರ್ಥ್ಯ ಬೇಕು. ಆದ್ದರಿಂದ ಈಜಿನಲ್ಲಿ ತೋಳ್ಬಲ ಬೆಳೆಸಿಕೊಳ್ಳುವುದು ಎಷ್ಟು ಮುಖ್ಯವೋ ನೀರಿಗೆ ಅಡ್ಡವಾಗದಂತೆ ಮೈಯನ್ನು ಮಟ್ಟಸವಾಗಿ ಇಟ್ಟುಕೊಳ್ಳುವುದೂ ಅಷ್ಟೇ ಮುಖ್ಯ.

ಇದು ಸುಲಭವಲ್ಲ. ಗಾಳಿ ತುಂಬಿದ ಶ್ವಾಸಕೋಶ ಎದೆಯಲ್ಲಿದೆ. ಹಾಗಾಗಿ ನೀರು ನಮ್ಮನ್ನು ಎದೆಯ ಬಳಿ ಮೇಲೆತ್ತುತ್ತದೆ. ದೇಹದ ಗುರುತ್ವ ಕೇಂದ್ರ ಅದಕ್ಕಿಂತ ಕೆಳಗೆ, ಸೊಂಟದ ಹತ್ತಿರ ಇದೆ. ಎತ್ತುವ ಬಲ ಒಂದು ಕಡೆ, ಇಳಿಸುವ ಬಲ ಇನ್ನೊಂದು ಕಡೆ ಆದಾಗ ಕಾಲುಗಳು ಮುಳುಗುತ್ತವೆ. ಫ್ರೀಸ್ಟೈಲ್ ಈಜಿನಲ್ಲಿ ಕಾಲು ಬಡಿಯುವುದರ ಒಂದು ದೊಡ್ಡ ಕೆಲಸ ಕಾಲುಗಳನ್ನು ಮೇಲಕ್ಕೆ ಎತ್ತಿ ಹಿಡಿಯುವುದು. ಮುಂದಕ್ಕೆ ತಳ್ಳುವ ಕೆಲಸ ಬಹುಪಾಲು ಕೈಗಳದ್ದು.

ಈಗ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬನಿಗೆ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಇನ್ನೊಬ್ಬನಿಗೆ ಎರಡೂ ಕಾಲುಗಳಿಲ್ಲ. ನೆಲದ ಮೇಲೆ ಎರಡನೆಯವನೇ ಹೆಚ್ಚು ಕಳೆದುಕೊಂಡವನಂತೆ ಕಾಣುತ್ತಾನೆ. ನೀರಿನಲ್ಲಿ ಹಾಗಲ್ಲ. ಮೊದಲನೆಯವನು ಅಲುಗಾಡದ ಕಾಲುಗಳನ್ನು ಬಂಡಿಗೆ ಕಟ್ಟಿದ ಕೊರಡಿನಂತೆ ಎಳೆದುಕೊಂಡು ಹೋಗಬೇಕು. ಎರಡನೆಯವನಿಗೆ ಕೆಳಕ್ಕೆ ಎಳೆಯುವ ಭಾರವೇ ಇಲ್ಲ. ಅವನ ಮೈ ಹೆಚ್ಚು ಮಟ್ಟಸವಾಗಿ ತೇಲುತ್ತದೆ. ಇವರಿಬ್ಬರ ನಡುವೆ ನ್ಯಾಯವಾದ ಸ್ಪರ್ಧೆ ಏರ್ಪಡಿಸುವುದು ಹೇಗೆ? ಅಂಗವಿಕಲರ ಈಜಿನ ಇತಿಹಾಸವೆಲ್ಲ ಈ ಪ್ರಶ್ನೆಯ ಸುತ್ತಲೇ ಸುತ್ತಿದೆ.

ಆ ಇತಿಹಾಸ ಆಸ್ಪತ್ರೆಯಲ್ಲಿ ಆರಂಭವಾಗುತ್ತದೆ. ಜರ್ಮನಿಯ ಯಹೂದಿ ನರವೈದ್ಯ ಲುಡ್ವಿಗ್ ಗುಟ್‌ಮನ್ 1939ರಲ್ಲಿ ನಾಜಿಗಳ ಕಿರುಕುಳದಿಂದ ಪಾರಾಗಿ ಇಂಗ್ಲೆಂಡಿಗೆ ಬಂದರು. 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಗಾಯಾಳುಗಳ ವಿಭಾಗ ಅವರ ಕೈಗೆ ಬಂತು. ಅಂಥ ರೋಗಿಗಳು ಹಾಸಿಗೆ ಹುಣ್ಣು, ಮೂತ್ರದ ಸೋಂಕುಗಳಿಂದ ಬೇಗನೆ ಸಾಯುತ್ತಿದ್ದ ಕಾಲ ಅದು. ಗುಟ್‌ಮನ್ ಅವರನ್ನು ಹಾಸಿಗೆಯಿಂದ ಎಬ್ಬಿಸಿ ಆಟಕ್ಕೆ ಹಚ್ಚಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಗಾಲಿಕುರ್ಚಿಯಲ್ಲಿ ಕುಳಿತ 16 ಮಂದಿಯ ಬಿಲ್ಲುಗಾರಿಕೆ ಸ್ಪರ್ಧೆ ಆಸ್ಪತ್ರೆಯ ಅಂಗಳದಲ್ಲಿ ನಡೆಯಿತು. ಅದೇ ಬೆಳೆದು 1960ರಲ್ಲಿ ರೋಮ್ ನಗರದಲ್ಲಿ ಮೊದಲ ಪ್ಯಾರಾಲಿಂಪಿಕ್ಸ್ ಆಯಿತು. ಈಜು ಅಂದಿನಿಂದ ಇಂದಿನವರೆಗೆ ಒಂದು ಬಾರಿಯೂ ತಪ್ಪಿಲ್ಲ.

ಈ ಕಥೆಯಲ್ಲಿ ನಮ್ಮವರೊಬ್ಬರು ಇದ್ದಾರೆ. ಮಹಾರಾಷ್ಟ್ರದ ಮುರಳಿಕಾಂತ್ ಪೇಟ್ಕರ್ ಸೈನ್ಯದಲ್ಲಿದ್ದ ಮುಷ್ಟಿಯುದ್ಧಪಟು. 1965ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ ಗುಂಡೇಟು ತಿಂದು ಅಂಗವಿಕಲರಾದರು. 1972ರ ಆಗಸ್ಟ್‌ನಲ್ಲಿ ಪಶ್ಚಿಮ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಅವರು 50 ಮೀಟರ್ ಫ್ರೀಸ್ಟೈಲ್ ಈಜನ್ನು 37.33 ಸೆಕೆಂಡುಗಳಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 1.34 ಮೀಟರ್ ವೇಗದಲ್ಲಿ ಮುಗಿಸಿ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದು. ಪದ್ಮಶ್ರೀ ಪ್ರಶಸ್ತಿ ಅವರಿಗೆ ಬಂದದ್ದು 2018ರಲ್ಲಿ.

ಅದೇ ಬೇಸಿಗೆಯಲ್ಲಿ, ಅದೇ ದೇಶದ ಮ್ಯೂನಿಕ್‌ನಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮಾರ್ಕ್ ಸ್ಪಿಟ್ಜ್ ಏಳು ಚಿನ್ನ ಗೆದ್ದರು. ಸ್ಪಿಟ್ಜ್ ಹಿಂದೆ ಒಂದು ವಿಜ್ಞಾನವೇ ಇತ್ತು. ಅವರ ತರಬೇತುದಾರ ಜೇಮ್ಸ್ ಕೌನ್ಸಿಲ್‌ಮನ್ ನೀರಿನೊಳಗೆ ಕ್ಯಾಮೆರಾ ಇಟ್ಟು ಈಜುಗಾರರ ಕೈಗಳ ಚಲನೆಯನ್ನು ಚಿತ್ರೀಕರಿಸಿ, 1968ರಲ್ಲಿ ಈಜಿನ ವಿಜ್ಞಾನದ ಬಗ್ಗೆ ಪ್ರಸಿದ್ಧ ಗ್ರಂಥವನ್ನೇ ಬರೆದಿದ್ದರು. ಅದಕ್ಕೂ ಮೊದಲು, 1933ರಲ್ಲಿ ಪೀಟರ್ ಕಾರ್ಪೊವಿಚ್ ಈಜುಗಾರರನ್ನು ನೀರಿನಲ್ಲಿ ಎಳೆದು ಪ್ರತಿರೋಧವನ್ನು ಅಳೆದಿದ್ದರು. ಈ ಕ್ಯಾಮೆರಾ, ಈ ಅಳತೆ ಎಲ್ಲವೂ ಕೈಕಾಲು ಸರಿಯಿದ್ದವರ ಪಾಲಿಗೆ. ಪೇಟ್ಕರ್ ಅವರಂಥವರ ಪಾಲಿಗೆ ಇದ್ದದ್ದು ವೈದ್ಯರ ಪಟ್ಟಿ. ಬೆನ್ನುಹುರಿಯ ಯಾವ ಮಟ್ಟದಲ್ಲಿ ಗಾಯವಾಗಿದೆ ಎಂದು ನೋಡಿ ಗುಂಪು ಮಾಡುತ್ತಿದ್ದರು.

1976ರ ಟೊರಾಂಟೊ ಕೂಟಕ್ಕೆ ಕೈಕಾಲು ಕಳೆದುಕೊಂಡವರೂ ದೃಷ್ಟಿಹೀನರೂ ಬಂದರು. 1980ರಲ್ಲಿ ನೆದರ್‌ಲೆಂಡ್ಸ್‌ನ ಆರ್ನೆಮ್ ಕೂಟಕ್ಕೆ ಸೆರೆಬ್ರಲ್ ಪಾಲ್ಸಿ ಇರುವವರು ಬಂದರು. ಒಂದೊಂದು ಕಾಯಿಲೆಗೂ ಒಂದೊಂದು ಪಟ್ಟಿ, ಒಂದೊಂದು ಪಟ್ಟಿಗೂ ಬೇರೆ ಸ್ಪರ್ಧೆ ಎಂದಾಗ ಪದಕಗಳು ಹೆಚ್ಚಾದವು, ಪೈಪೋಟಿ ಕಡಿಮೆಯಾಯಿತು.

ದೊಡ್ಡ ಬದಲಾವಣೆ ಬಂದದ್ದು 1992ರ ಬಾರ್ಸಿಲೋನಾದಲ್ಲಿ. ‘ಈತನಿಗೆ ಏನು ಕಾಯಿಲೆ?’ ಎಂಬ ಪ್ರಶ್ನೆಯ ಜಾಗಕ್ಕೆ ‘ಈತನ ದೇಹ ನೀರಿನಲ್ಲಿ ಎಷ್ಟು ಕೆಲಸ ಮಾಡಬಲ್ಲದು?’ ಎಂಬ ಪ್ರಶ್ನೆ ಬಂತು. ಪರೀಕ್ಷಕರು ಮೊದಲು ಮೇಜಿನ ಮೇಲೆ ಸ್ನಾಯುಗಳ ಬಲ, ಕೀಲುಗಳ ಚಲನೆ ನೋಡುತ್ತಾರೆ. ಆಮೇಲೆ ನೀರಿಗಿಳಿಸಿ ನೋಡುತ್ತಾರೆ. ಕೊನೆಗೆ ಸ್ಪರ್ಧೆಯಲ್ಲೂ ಗಮನಿಸುತ್ತಾರೆ. ರೂಢಿಗೆ ಬಂದ ಅಂಕಪಟ್ಟಿಯಲ್ಲಿ ಕೈಗಳಿಗೆ 130, ಕಾಲುಗಳಿಗೆ 100, ಮುಂಡಕ್ಕೆ 50, ಧುಮುಕುವುದಕ್ಕೆ 10, ಗೋಡೆಯ ಬಳಿ ತಿರುಗುವುದಕ್ಕೆ 10, ಒಟ್ಟು 300 ಅಂಕ. ಈ ಅಂಕಗಳ ಮೇಲೆ ‘ಎಸ್ 1’ರಿಂದ ‘ಎಸ್ 10’ರವರೆಗೆ ಹತ್ತು ವರ್ಗಗಳು, ಸಂಖ್ಯೆ ಕಡಿಮೆಯಾದಷ್ಟೂ ತೊಂದರೆ ಹೆಚ್ಚು. ಕಪ್ಪೆಯಂತೆ ಕಾಲು ಒದೆಯುವ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕಾಲುಗಳದ್ದೇ ಮೇಲುಗೈ. ಅದಕ್ಕಾಗಿ ಅದಕ್ಕೆ ಬೇರೆ ಲೆಕ್ಕ, ‘ಎಸ್‌ಬಿ’ ಎಂಬ ಬೇರೆ ವರ್ಗಗಳು. ಕೃತಕ ಕೈಕಾಲು ಧರಿಸಿ ಈಜುವಂತಿಲ್ಲ.

ಕುಳ್ಳಗಿರುವವರು, ಕಾಲಿಲ್ಲದವರು, ಸ್ನಾಯುಗಳು ಬಿಗಿದುಕೊಂಡವರು ಒಂದೇ ಫೈನಲ್‌ನಲ್ಲಿ ಅಕ್ಕಪಕ್ಕದಲ್ಲಿ ಈಜುವುದನ್ನು ನೀವು ಪರದೆಯ ಮೇಲೆ ಕಂಡದ್ದು ಇದರಿಂದಲೇ. ಅವರ ಕೊರತೆಗಳು ಬೇರೆ ಬೇರೆ. ನೀರಿನಲ್ಲಿ ಉಳಿದಿರುವ ಬಲ ಹೆಚ್ಚುಕಡಿಮೆ ಒಂದೇ.

ಹಾಗಾದರೆ ಅದು ಪೂರ್ತಿ ನ್ಯಾಯವೇ? ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ಈ ಅಂಕಪಟ್ಟಿಯಲ್ಲಿ 165 ಬಂದವರು ಎಸ್ 5, 166 ಬಂದವರು ಎಸ್ 6. ಒಂದೇ ಅಂಕದಿಂದ ಫೈನಲ್‌ನ ಮೊದಲಿಗ ಕೊನೆಯವನಾಗಬಹುದು. ಆ ಅಂಕ ಕೊಡುವುದು ಪರಿಣತರ ಕಣ್ಣು. ಕಣ್ಣಿನ ಅಂದಾಜಿಗೆ ಅಳತೆಯ ಆಧಾರ ಬೇಕು ಎಂದವರಲ್ಲಿ ಆಸ್ಟ್ರೇಲಿಯದ ಬ್ರೆಂಡನ್ ಬರ್ಕೆಟ್ ಒಬ್ಬರು. ಅಪಘಾತದಲ್ಲಿ ಕಾಲು ಕಳೆದುಕೊಂಡ ಅವರು 1996ರ ಅಟ್ಲಾಂಟಾದಲ್ಲಿ ಈಜಿನ ಚಿನ್ನ ಗೆದ್ದವರು. ಆಮೇಲೆ ಬಯೋಮೆಕ್ಯಾನಿಕ್ಸ್, ಅಂದರೆ ದೇಹಚಲನೆಯ ಯಂತ್ರವಿಜ್ಞಾನದ ಪ್ರಾಧ್ಯಾಪಕರಾದವರು. 2012ರ ಲಂಡನ್ ಪ್ಯಾರಾಲಿಂಪಿಕ್ಸ್ ವೇಳೆ ಅವರೂ ಮ್ಯಾಂಚೆಸ್ಟರ್‌ನ ಕಾರ್ಲ್ ಪೇಟನ್ ಮತ್ತಿತರರೂ ಸೇರಿ 113 ಈಜುಗಾರರನ್ನು ಯಂತ್ರದಿಂದ ನೀರಿನಲ್ಲಿ ಎಳೆದು ಪ್ರತಿರೋಧ ಅಳೆದರು. ಕಾರ್ಪೊವಿಚ್ ಮಾಡಿದ್ದ ಪ್ರಯೋಗ ಸುಮಾರು ಎಂಬತ್ತು ವರ್ಷಗಳ ಮೇಲೆ ಇವರ ಬಳಿಗೆ ಬಂದಂತಾಯಿತು. ಒಟ್ಟಾರೆ ತೊಂದರೆ ಹೆಚ್ಚಿದ್ದವರಿಗೆ ಪ್ರತಿರೋಧವೂ ಹೆಚ್ಚು ಎಂದು ಕಂಡಿತು. ಆದರೆ ಒಂದು ವರ್ಗಕ್ಕೂ ಅದರ ಪಕ್ಕದ ವರ್ಗಕ್ಕೂ ನಡುವಿನ ಅಂತರ ಎಲ್ಲ ಕಡೆಯೂ ಒಂದೇ ಸಮನಾಗಿರಲಿಲ್ಲ. ಗೆರೆಗಳನ್ನು ಇನ್ನೂ ತಿದ್ದಬೇಕಾಗಿದೆ ಎಂದು ನೀರೇ ಸಾಕ್ಷಿ ಹೇಳಿತು.

ಈಗ ದಾವಣಗೆರೆಯ ಹುಡುಗಿಯ ಪ್ರಶ್ನೆಗೆ ಬರೋಣ. ದೋಣಿಗೆ ಬಲಗಡೆ ಮಾತ್ರ ಹುಟ್ಟು ಹಾಕಿದರೆ ಅದು ಎಡಕ್ಕೆ ತಿರುಗುತ್ತದೆ. ಅವಳು ಎಡಕ್ಕೆ ತಿರುಗುವುದು ಅವಳ ತಪ್ಪಲ್ಲ, ಬಲದ ನಿಯಮ. ಇದಕ್ಕೆ ಉಪಾಯವಿದೆ. ಮ್ಯಾಂಚೆಸ್ಟರ್‌ನ ಸಂಶೋಧಕರು ಮೊಣಕೈಯಿಂದ ಕೆಳಗೆ ಕೈಯಿಲ್ಲದ ಈಜುಗಾರರನ್ನೇ ನೀರಿನೊಳಗಿನ ಕ್ಯಾಮೆರಾಗಳಿಂದ ಅಧ್ಯಯನ ಮಾಡಿದ್ದಾರೆ. 2009ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನದಲ್ಲಿ 13 ಮಂದಿ ಇದ್ದರು. ಅವರಲ್ಲಿ ಹೆಚ್ಚು ವೇಗದವರು ಕೈಯನ್ನು ಹೆಚ್ಚು ಚುರುಕಾಗಿ ತಿರುಗಿಸುವವರೇ ಆಗಿದ್ದರು; ಒಂದೊಂದು ಬೀಸಿಗೆ ಎಷ್ಟು ದೂರ ಸಾಗುತ್ತಾರೆ ಎಂಬುದು ಅಷ್ಟು ಮುಖ್ಯವಾಗಲಿಲ್ಲ. 2008ರ ಇನ್ನೊಂದು ಅಧ್ಯಯನದಲ್ಲಿ ಕಂಪ್ಯೂಟರ್ ಲೆಕ್ಕದಿಂದ ತಿಳಿದದ್ದು ಇನ್ನೂ ಸ್ವಾರಸ್ಯಕರ: ಮೊಣಕೈವರೆಗಿನ ಮೋಟು ತೋಳು ಕೂಡ ಮೈಯನ್ನು ಮುಂದಕ್ಕೆ ತಳ್ಳಬಲ್ಲದು. ಷರತ್ತು ಒಂದೇ. ಮೈ ಮುಂದಕ್ಕೆ ಹೋಗುವ ವೇಗಕ್ಕಿಂತ ತೋಳು ಹಿಂದಕ್ಕೆ ಹೋಗುವ ವೇಗ ಹೆಚ್ಚಾಗಿರಬೇಕು. ಇಲ್ಲದಿದ್ದರೆ ಅದೇ ತೋಳು ಬ್ರೇಕಿನಂತೆ ಅಡ್ಡ ನಿಲ್ಲುತ್ತದೆ.

ಇದು ನಮ್ಮ ನಾಡಿಗೆ ದೂರದ ಮಾತೇನೂ ಅಲ್ಲ. ಎಡಗೈ ಊನವಾಗಿ ಹುಟ್ಟಿದ ಬೆಂಗಳೂರಿನ ಶರತ್ ಗಾಯಕ್‌ವಾಡ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿದರು. 2014ರ ಇಂಚೆನ್ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಆರು ಪದಕ ತಂದರು. ಬೆನ್ನುಹುರಿಯ ಹುಟ್ಟುದೋಷವಿರುವ ಬೆಂಗಳೂರಿನವರೇ ಆದ ನಿರಂಜನ್ ಮುಕುಂದನ್ 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿದರು.

ಆ ತಂದೆಗೆ ನಾನು ಬರೆದ ಉತ್ತರದ ಸಾರ ಇಷ್ಟು. ಮಗಳಿಗೆ ಮೊದಲು ಕಾಲು ಬಡಿತ ಗಟ್ಟಿಯಾಗಲಿ. ನೇರ ಹೋಗಲು ಅದೇ ಚುಕ್ಕಾಣಿ. ತಲೆ ಅತ್ತಿತ್ತ ಹೊರಳದಿರಲಿ. ಎಡತೋಳನ್ನು ಮೈಗೆ ಅಂಟಿಸಿಕೊಂಡು ಸುಮ್ಮನೆ ಇಡುವುದು ಬೇಡ, ಬಲಗೈಯ ಸರದಿಯ ನಂತರ ಅದೂ ಚುರುಕಾಗಿ ತಿರುಗಲಿ. ನೀರಿನೊಳಗಿನ ಚಿತ್ರ ತೆಗೆಯುವ ಕ್ಯಾಮೆರಾ ಯಾರ ಬಳಿಯಾದರೂ ಇದ್ದರೆ ಅವಳ ಈಜನ್ನು ಅವಳಿಗೇ ತೋರಿಸಿ. ನೀರಿಗಿಳಿದಾಗಲೆಲ್ಲ ಈಜು ಬಲ್ಲ ದೊಡ್ಡವರೊಬ್ಬರು ಪಕ್ಕದಲ್ಲಿರಲಿ. ಮತ್ತು ‘ಇದು ಆಗುವ ಮಾತಲ್ಲ’ ಎಂದವರಿಗೆ ಈ ಪುಟವನ್ನು ಓದಲು ಕೊಡಿ.

ನಿಮ್ಮ ಊರಿನ ಕೊಳದಲ್ಲೂ ಇಂಥ ಮಗುವೊಂದು ದಡದಲ್ಲೇ ಕುಳಿತಿರಬಹುದು. ಕಂಡರೆ ನಮಗೆ ಬರೆಯಿರಿ.